ಸ್ಲೈಡಿನ ಮೇಲಿನ ಮೂರಕ್ಷರ

ಹಳೆಯ ವಾಲ್ಟರ್ ಪಿ38 ಪಿಸ್ತೂಲೊಂದು ಸಂಗ್ರಾಹಕನ ಕೈಗೆ ಬಂದರೆ ಆತ ಮೊದಲು ನೋಡುವುದು ನಳಿಗೆಯನ್ನಲ್ಲ, ಟ್ರಿಗರನ್ನೂ ಅಲ್ಲ. ಎಡಮಗ್ಗುಲು ಮೇಲೆ ಬರುವಂತೆ ತಿರುಗಿಸಿ, ಸ್ಲೈಡಿನ ಮೇಲೆ ಒತ್ತಿರುವ ಅಕ್ಷರಗಳನ್ನು ಬೆಳಕಿಗೆ ಹಿಡಿಯುತ್ತಾನೆ. ‘ಎಸಿ’ ಎಂದಿದೆಯೋ, ‘ಬಿವೈಎಫ್’ ಎಂದಿದೆಯೋ, ‘ಸಿವೈಕ್ಯೂ’ ಎಂದಿದೆಯೋ? ಜೊತೆಗೆ ಇಸವಿಯ ಎರಡಂಕಿ ಇದೆಯೋ ಇಲ್ಲವೋ? ಇದ್ದರೆ ಆ ‘40’ ಅಕ್ಷರಗಳ ಜೊತೆಗೇ ಬಂದದ್ದೋ, ಆಮೇಲೆ ಬೇರೆ ಅಚ್ಚಿನಿಂದ ಸೇರಿಸಿದ್ದೋ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಬೆಲೆ ಏರುತ್ತದೆ, ಇಳಿಯುತ್ತದೆ. ಹೊರಗಿನವರಿಗೆ ಇದು ಅಂಚೆಚೀಟಿಯ ಅಂಚಿನ ಹಲ್ಲುಗಳನ್ನು ಎಣಿಸುವ ಹುಚ್ಚಿನಂತೆ ಕಾಣುವುದು ಸಹಜ.

ಆದರೆ ನಕ್ಕು ಬಿಟ್ಟುಬಿಡುವಂಥ ಹುಚ್ಚಲ್ಲ ಇದು. ಯುದ್ಧದ ಕೊನೆಗೆ ಜರ್ಮನಿಯ ಕಾರ್ಖಾನೆಗಳ ಕಾಗದಪತ್ರ ಎಷ್ಟೋ ಸುಟ್ಟುಹೋದವು, ಎಷ್ಟೋ ಚೆಲ್ಲಾಪಿಲ್ಲಿಯಾದವು. ಯಾವ ತಿಂಗಳು ಎಲ್ಲಿ ಎಷ್ಟು ಪಿಸ್ತೂಲು ತಯಾರಾದವು ಎಂಬ ಲೆಕ್ಕವನ್ನು ಮತ್ತೆ ಕಟ್ಟಿಕೊಟ್ಟವರಲ್ಲಿ ಈ ಹವ್ಯಾಸಿಗಳ ಪಾಲು ದೊಡ್ಡದು. ಒಂದೊಂದೇ ಸಂಖ್ಯೆ ಬರೆದುಕೊಂಡು, ಒಂದೊಂದೇ ಮುದ್ರೆಯ ಆಕಾರ ಹೋಲಿಸಿ ಅವರು ಮಾಡಿದ್ದು ಶಾಸನ ಓದುವವರ ಕೆಲಸ. ತಕರಾರು ಇರುವುದು ಆ ಓದು ನಿಲ್ಲುವ ಜಾಗದ ಬಗ್ಗೆ. ಅಕ್ಷರವನ್ನು ಓದಿ ಕಾರ್ಖಾನೆಯ ಹೆಸರು ಹೇಳುತ್ತಾರೆ, ಇಸವಿ ಹೇಳುತ್ತಾರೆ, ಬೆಲೆ ಹೇಳುತ್ತಾರೆ. ಕಾರ್ಖಾನೆಯ ಬಾಗಿಲಿಗೆ ಬಂದ ಕೂಡಲೇ ಕಾಲು ನಿಲ್ಲುತ್ತದೆ.

ಪಿ38ರ ಹುಟ್ಟಿಗೆ ಕಾರಣ ಅದಕ್ಕಿಂತ ಹಳೆಯ, ಅದಕ್ಕಿಂತ ಚೆಲುವಾದ ಲೂಗರ್. 1908ರಲ್ಲಿ ಜರ್ಮನ್ ಸೈನ್ಯ ಸೇರಿದ ಆ ಪಿಸ್ತೂಲು ಗಡಿಯಾರದಷ್ಟು ಸೂಕ್ಷ್ಮ. ಮೊಣಕಾಲಿನಂತೆ ಮಡಚಿ ಮೇಲೇಳುವ ಅದರ ಕೀಲನ್ನು ಮಾಡಲು ನುರಿತ ಕೈಗಳೂ ಬಹಳ ಹೊತ್ತೂ ಬೇಕು. ದೊಡ್ಡ ಯುದ್ಧಕ್ಕೆ ಸಿದ್ಧವಾಗುತ್ತಿದ್ದ ಸೈನ್ಯಕ್ಕೆ ಅಗ್ಗವಾದದ್ದು, ಬೇಗ ಮಾಡಬಹುದಾದದ್ದು ಬೇಕಿತ್ತು. ಥುರಿಂಗಿಯಾದ ತ್ಸೆಲ್ಲಾ-ಮೇಲಿಸ್ ಊರಿನ ವಾಲ್ಟರ್ ಕಂಪನಿಯ ಬಳಿ ಅದಕ್ಕೆ ಬೇಕಾದ ಒಂದು ಉಪಾಯ ಆಗಲೇ ಇತ್ತು. 1929ರಲ್ಲಿ ಅದು ಹೊರತಂದಿದ್ದ ಪಿಪಿ ಎಂಬ ಪುಟ್ಟ ಪೊಲೀಸ್ ಪಿಸ್ತೂಲಿನಲ್ಲಿ, ಗುಂಡು ತುಂಬಿ ಹ್ಯಾಮರನ್ನು ಇಳಿಸಿಟ್ಟುಕೊಂಡು ಓಡಾಡಬಹುದಿತ್ತು. ಹೊತ್ತು ಬಂದಾಗ ಟ್ರಿಗರನ್ನು ಉದ್ದಕ್ಕೆ, ತುಸು ಬಲವಾಗಿ ಎಳೆದರೆ ಅದೇ ಹ್ಯಾಮರನ್ನು ಎತ್ತಿ ಬೀಳಿಸುತ್ತಿತ್ತು. ಎರಡನೆಯ ಗುಂಡಿನಿಂದ ಎಳೆತ ಹಗುರ. ಇದನ್ನೇ ಸೈನ್ಯದ 9 ಮಿಲಿಮೀಟರ್ ಗುಂಡಿಗೆ ಹಿಗ್ಗಿಸಬೇಕಿತ್ತು. ಆ ಗುಂಡಿನ ರಭಸ ಹೆಚ್ಚು. ಅದು ನಳಿಗೆ ಬಿಡುವವರೆಗೆ ಸ್ಲೈಡು ತೆರೆದುಕೊಳ್ಳದಂತೆ ಹಿಡಿದಿಡುವ ಬೀಗ ಬೇಕು. ನಳಿಗೆಯ ಕೆಳಗೆ ಸಣ್ಣದೊಂದು ತುಂಡು ಕುಸಿದು ಬೀಗ ಬಿಡಿಸುವ ಏರ್ಪಾಡನ್ನು ಫ್ರಿಟ್ಸ್ ಬಾರ್ಥೆಲ್ಮೆಸ್ ಎಂಬ ಎಂಜಿನಿಯರ್ ರೂಪಿಸಿದ.

ಮೊದಲ ಮಾದರಿಯಲ್ಲಿ ಹ್ಯಾಮರ್ ಒಳಗೆ ಅಡಗಿತ್ತು. ಸೈನ್ಯ ಒಪ್ಪಲಿಲ್ಲ, ಹ್ಯಾಮರ್ ಎದ್ದಿದೆಯೋ ಇಳಿದಿದೆಯೋ ಕಣ್ಣಿಗೆ ಕಾಣಬೇಕು ಎಂದಿತು. ಹೀಗೆ ಬಂದದ್ದು ಎಚ್‌ಪಿ ಎಂಬ ಮಾದರಿ. ಸ್ವೀಡನ್ ಅದನ್ನು ಕೊಳ್ಳಲು ಮುಂದಾಗಿತ್ತು, ಕೆಲವನ್ನು ಪಡೆಯಿತು ಕೂಡ. ಯುದ್ಧ ಶುರುವಾಗಿ ಸರಬರಾಜು ನಿಂತಿತು, ಆ ದೇಶ ಫಿನ್‌ಲೆಂಡಿನ ಲಾಹ್ತಿ ಪಿಸ್ತೂಲಿನ ಕಡೆ ತಿರುಗಿತು. ಜರ್ಮನ್ ಸೈನ್ಯ 1938ರಲ್ಲಿ ಒಪ್ಪಿದ ರೂಪಕ್ಕೆ ಪಿಸ್ತೂಲು 38 ಎಂಬ ಒಣ ಹೆಸರು ಬಿತ್ತು.

ಇಲ್ಲಿಂದ ಶುರುವಾಗುತ್ತದೆ ಸಂಗ್ರಾಹಕರ ಪಟ್ಟಿ. ಮೊದಲು ‘ಸೊನ್ನೆ ಸರಣಿ’: ಸಂಖ್ಯೆ ಸೊನ್ನೆಯಿಂದ ಆರಂಭ, ಸ್ಲೈಡಿನ ಮೇಲೆ ವಾಲ್ಟರ್ ಕಂಪನಿಯ ಬ್ಯಾನರ್ ಮುದ್ರೆ, ಕನ್ನಡಿಯಂತೆ ಹೊಳೆಯುವ ನೀಲಿ ಹೊಳಪು. ಇಂಥವು ಸುಮಾರು 13,000. 1940ರಲ್ಲಿ ಬ್ಯಾನರ್ ಮಾಯವಾಗಿ ‘480’ ಎಂಬ ಅಂಕೆ ಬಂತು. ಕೆಲವೇ ಸಾವಿರ ಪಿಸ್ತೂಲುಗಳ ನಂತರ ಅದೂ ಹೋಗಿ ‘ಎಸಿ’ ಬಂತು. ಆಮೇಲೆ ವರ್ಷ ವರ್ಷ ‘ಎಸಿ 41’, ‘ಎಸಿ 42’ ಎಂದು 45ರವರೆಗೆ. ಬೇಡಿಕೆ ಏರಿದಂತೆ ವಾಲ್ಟರ್ ಒಬ್ಬನಿಂದ ಆಗದೆ, 1942ರಲ್ಲಿ ಇನ್ನಿಬ್ಬರು ಸೇರಿದರು. ಓಬರ್ನ್‌ಡಾರ್ಫಿನ ಮೌಸರ್ ಕಾರ್ಖಾನೆಯ ಗುರುತು ‘ಬಿವೈಎಫ್’, ಕೊನೆಯ ತಿಂಗಳುಗಳಲ್ಲಿ ‘ಎಸ್‌ವಿಡಬ್ಲ್ಯೂ’. ಸ್ಪ್ರೀವೆರ್ಕ್ ಎಂಬ ಬರ್ಲಿನ್ ಮೂಲದ ಕಂಪನಿ, ಜರ್ಮನಿ ಕಬಳಿಸಿದ್ದ ಸುಡೆಟನ್‌ಲೆಂಡಿನ ಗ್ರೊಟ್ಟಾವ್ ಊರಿನಲ್ಲಿ, ಅಂದರೆ ಇಂದಿನ ಚೆಕ್ ದೇಶದ ಹ್ರಾಡೆಕ್‌ನಲ್ಲಿ, ‘ಸಿವೈಕ್ಯೂ’ ಎಂದು ಒತ್ತಿ ಕಳಿಸುತ್ತಿತ್ತು. ಮೂರೂ ಕಡೆ ಸೇರಿ ಯುದ್ಧ ಮುಗಿಯುವ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು.

ಈ ಅಕ್ಷರಗಳು ಇದ್ದದ್ದು ತಿಳಿಸಲಿಕ್ಕಲ್ಲ, ಮುಚ್ಚಿಡಲಿಕ್ಕೆ. ಸೆರೆ ಸಿಕ್ಕ ಪಿಸ್ತೂಲನ್ನು ನೋಡಿ ಶತ್ರು ಅದರ ಕಾರ್ಖಾನೆ ಎಲ್ಲಿದೆ ಎಂದು ಗುರುತಿಸಬಾರದು, ಬಾಂಬು ಹಾಕಲು ಬರಬಾರದು. ಬೂಟಿನಿಂದ ಹಿಡಿದು ದುರ್ಬೀನಿನವರೆಗೆ ಜರ್ಮನ್ ಸೈನ್ಯದ ಸಾಮಾನಿಗೆಲ್ಲ ಇಂಥ ಗುಪ್ತಾಕ್ಷರ ಹಂಚಿದ್ದರು. ಯುದ್ಧ ಮುಗಿದು ಪಟ್ಟಿ ಹೊರಬಿದ್ದ ಮೇಲೆ ಆ ಗುಟ್ಟು ಉಳಿಯಲಿಲ್ಲ. ಇವತ್ತು ಯಾವ ಆಸಕ್ತನಿಗೂ ‘ಬಿವೈಎಫ್’ ಎಂದರೆ ಮೌಸರ್. ಆದರೆ ಮುದ್ರೆ ಮುಚ್ಚಿದ್ದು ಕಂಪನಿಯ ಹೆಸರೊಂದನ್ನೇ ಅಲ್ಲ. ಕಂಪನಿ ಹೊರಗೆ ಬಂತು, ಅದರೊಳಗೆ ದುಡಿದವರು ಒಳಗೇ ಉಳಿದರು.

ಮೌಸರಿನ ಓಬರ್ನ್‌ಡಾರ್ಫಿನಲ್ಲಿ ಯುದ್ಧದ ಕೊನೆಯ ವರ್ಷಗಳಲ್ಲಿ ಸಾವಿರಾರು ವಿದೇಶಿ ಜೀತದಾಳುಗಳಿದ್ದರು. ಫ್ರಾನ್ಸ್, ಹಾಲೆಂಡ್, ಪೋಲೆಂಡ್, ಸೋವಿಯೆತ್ ದೇಶಗಳಿಂದ ಎಳೆತಂದವರು. ‘ಶಿಸ್ತು’ ತಪ್ಪಿದವರನ್ನು ಹಾಕಲು ಊರ ಪಕ್ಕದಲ್ಲೇ ಒಂದು ಶಿಕ್ಷಾ ಶಿಬಿರವಿತ್ತು. ಗ್ರೊಟ್ಟಾವ್‌ನ ಹತ್ತಿರದ ಕ್ರಾಟ್ಸಾವ್‌ನಲ್ಲಿ ಗ್ರೋಸ್-ರೋಜೆನ್ ಯಾತನಾ ಶಿಬಿರದ ಶಾಖೆಯೊಂದಿತ್ತು. ಯಹೂದಿ ಹೆಂಗಸರು ಅಲ್ಲಿಂದ ಸುತ್ತಲಿನ ಯುದ್ಧಸಾಮಗ್ರಿ ಕಾರ್ಖಾನೆಗಳಿಗೆ ಹೋಗಿ ಬರುತ್ತಿದ್ದರು. ವಾಲ್ಟರ್ ಕಂಪನಿಯಂತೂ ಹ್ಯಾಂಬರ್ಗ್ ಬಳಿಯ ನೊಯೆನ್‌ಗಾಮೆ ಯಾತನಾ ಶಿಬಿರದ ಬೇಲಿಯ ಪಕ್ಕದಲ್ಲೇ ಕಾರ್ಖಾನೆ ಕಟ್ಟಿಸಿಕೊಂಡಿತು. ಅಲ್ಲಿ ಕೈದಿಗಳು ಮಾಡಿದ್ದು ಮುಖ್ಯವಾಗಿ ಪಿಸ್ತೂಲಲ್ಲ, ಗೆವೇರ್ 43 ಎಂಬ ರೈಫಲ್. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಕಣ್ಣೀರು ತರಿಸುವ ಭರದಲ್ಲಿ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವುದೂ ತಪ್ಪು. ಆದರೆ ವಾಲ್ಟರಿನ ಆ ರೈಫಲಿನ ಮೇಲೂ ಒತ್ತಿದ್ದು ಅದೇ ‘ಎಸಿ’. ನೊಯೆನ್‌ಗಾಮೆ ಮತ್ತು ಅದರ ಶಾಖೆಗಳಿಗೆ ತಳ್ಳಿದ್ದು ಲಕ್ಷಕ್ಕೂ ಹೆಚ್ಚು ಜನರನ್ನು. ಸತ್ತವರು ಕನಿಷ್ಠ 42,900 ಎಂದು ಅಲ್ಲಿನ ಸ್ಮಾರಕದವರ ಲೆಕ್ಕ. ವಾಲ್ಟರ್ ಕಾರ್ಖಾನೆಯ ಕಟ್ಟಡ ಇಂದಿಗೂ ಆ ಸ್ಮಾರಕದ ಆವರಣದಲ್ಲಿ ನಿಂತಿದೆ.

ಈಗ ಸಂಗ್ರಾಹಕರ ಭಾಷೆಯನ್ನು ಮತ್ತೊಮ್ಮೆ ಕೇಳಬೇಕು. ‘ಸಿವೈಕ್ಯೂ’ ಎಂದರೆ ಅವರ ಬಾಯಲ್ಲಿ ಒರಟು ಕೆಲಸ. ಉಪಕರಣದ ಗೀರುಗಳು ಹಾಗೇ ಉಳಿದಿವೆ, ಹೊಳಪಿಲ್ಲ, ಅಂಚು ಉಜ್ಜಿಲ್ಲ. ಆದ್ದರಿಂದ ಮೂವರಲ್ಲಿ ಅಗ್ಗ. 1944ರ ‘ಬಿವೈಎಫ್’ಗಳಲ್ಲಿ ಕೆಲವಕ್ಕೆ ಚೌಕಟ್ಟು ಒಂದು ಬಣ್ಣ, ಸ್ಲೈಡು ಇನ್ನೊಂದು ಬಣ್ಣ, ಸಿಕ್ಕ ಭಾಗಗಳನ್ನು ಸಿಕ್ಕ ಹಾಗೆ ಜೋಡಿಸಿ ಕಳಿಸಿದ್ದು. ಅವಸರದ ಈ ಗುರುತಿಗೆ ಈಗ ‘ಡ್ಯುಯಲ್ ಟೋನ್’ ಎಂಬ ಅಂದದ ಹೆಸರು, ಅದಕ್ಕೆ ಹೆಚ್ಚಿನ ಬೆಲೆ. ಗೀರು ಯಾಕೆ ಉಳಿಯಿತು? ಹಗಲೂ ರಾತ್ರಿ ಪಾಳಿ, ಅರೆಹೊಟ್ಟೆ, ಬೆನ್ನ ಹಿಂದೆ ಕಾವಲುಗಾರ, ಮೊನ್ನೆಯವರೆಗೆ ಲೇತ್ ಮುಟ್ಟದ ಕೈ ಎಂಬುದೂ ಉತ್ತರದ ಭಾಗವಲ್ಲವೇ? ಬೇಕೆಂದೇ ಕೆಡಿಸಿದವರು ಇರಲೂಬಹುದು. ಸಿಕ್ಕಿಬಿದ್ದರೆ ಅದಕ್ಕೆ ಗಲ್ಲು ಎಂದು ತಿಳಿದೂ. ‘ಫಿನಿಶಿಂಗ್ ಕಳಪೆ’ ಎಂಬ ಎರಡು ಪದದಲ್ಲಿ ಇದೆಲ್ಲ ಮುಗಿಯುತ್ತದೆ.

ಇದಕ್ಕೆ ಒಂದು ಉತ್ತರ ಸಿದ್ಧವಾಗಿದೆ: ವಸ್ತು ನಿರಪರಾಧಿ. ಪಿಸ್ತೂಲಿನ ಯಂತ್ರವಿದ್ಯೆಯನ್ನು ಮೆಚ್ಚುವವರು ಅದರ ಒಡೆಯರನ್ನು ಮೆಚ್ಚಬೇಕಿಲ್ಲ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಬಾರ್ಥೆಲ್ಮೆಸ್‌ನ ಕುಸಿಯುವ ಬೀಗ ನಿಜಕ್ಕೂ ಒಳ್ಳೆಯ ಕಲ್ಪನೆ. ಇಟಲಿಯ ಬೆರೆಟ್ಟಾ 92ರಲ್ಲಿ ಅದು ಮುಂದುವರಿಯಿತು, ಆ ಪಿಸ್ತೂಲು 1985ರಲ್ಲಿ ಅಮೆರಿಕದ ಸೈನ್ಯಕ್ಕೆ ಎಂ9 ಆಗಿ ಸೇರಿತು. ಹಿಟ್ಲರನ ಸೈನ್ಯವನ್ನು ಸೋಲಿಸಿದ ಸೈನ್ಯವೇ ನಲವತ್ತು ವರ್ಷದ ಮೇಲೆ ಅದರ ಪಿಸ್ತೂಲಿನ ಬೀಗವನ್ನು ಸೊಂಟಕ್ಕೆ ಕಟ್ಟಿಕೊಂಡಿತು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ವಸ್ತು ನಿರಪರಾಧಿ ಎನ್ನುವ ವಾದವನ್ನು ಮುಂದಿಡುವ ಪೇಟೆಯೇ ಹದ್ದು ಮತ್ತು ಸ್ವಸ್ತಿಕದ ಮುದ್ರೆ ಸ್ಪಷ್ಟವಾಗಿದ್ದಷ್ಟೂ ಹೆಚ್ಚು ಬೆಲೆ ಕಟ್ಟುತ್ತದೆ. ಹೊಸದಾಗಿ ಆ ಮುದ್ರೆ ಒತ್ತಿ ಮೋಸ ಮಾಡುವವರೂ ಇದ್ದಾರೆ. ಯಂತ್ರಕ್ಕಷ್ಟೇ ಬೆಲೆ ಎಂದಾದರೆ ಮುದ್ರೆಗೆ ಕಳ್ಳ ಅಚ್ಚು ಯಾಕೆ ಬೇಕು?

ಯುದ್ಧದ ನಂತರದ ಮಾದರಿಗಳು ಇನ್ನೂ ಸ್ವಾರಸ್ಯಕರ, ಇವುಗಳಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ. 1945ರ ಏಪ್ರಿಲಿನಲ್ಲಿ ಓಬರ್ನ್‌ಡಾರ್ಫಿಗೆ ಬಂದ ಫ್ರೆಂಚ್ ಸೈನ್ಯ ಕಾರ್ಖಾನೆಯನ್ನು ಮುಚ್ಚಲಿಲ್ಲ. ಅದೇ ಯಂತ್ರಗಳಲ್ಲಿ, ಅದೇ ‘ಎಸ್‌ವಿಡಬ್ಲ್ಯೂ’ ಮುದ್ರೆಯಲ್ಲಿ, ಪಕ್ಕದಲ್ಲೊಂದು ನಕ್ಷತ್ರ ಒತ್ತಿ, 1946ರವರೆಗೆ ತನಗಾಗಿ ಪಿ38 ಮಾಡಿಸಿಕೊಂಡಿತು. ಬೂದು ಬಣ್ಣದ ಲೇಪದಿಂದಾಗಿ ಸಂಗ್ರಾಹಕರು ಇವನ್ನು ‘ಗ್ರೇ ಘೋಸ್ಟ್’ ಎನ್ನುತ್ತಾರೆ. ಬೂದು ಭೂತಗಳು ಇಂಡೋಚೀನಾಕ್ಕೆ ಹೋದವು, ಅಲ್ಜೀರಿಯಾಕ್ಕೆ ಹೋದವು. ಆಕ್ರಮಣದಿಂದ ಆಗಷ್ಟೇ ಬಿಡುಗಡೆ ಹೊಂದಿದ ದೇಶವೊಂದು ಆಕ್ರಮಣಕಾರನ ಪಿಸ್ತೂಲು ಹಿಡಿದು ತನ್ನ ವಸಾಹತು ಉಳಿಸಿಕೊಳ್ಳಲು ಹೊರಟದ್ದನ್ನು ಈ ಒಂದು ಮಾದರಿ ಹೇಳುವಷ್ಟು ಚುರುಕಾಗಿ ಹೇಳುವ ದಾಖಲೆ ವಿರಳ. ಬೆಲೆಪಟ್ಟಿಯಲ್ಲಿ ಮಾತ್ರ ಅದು ಬಣ್ಣದ ಭೇದ.

ತ್ಸೆಲ್ಲಾ-ಮೇಲಿಸ್‌ಗೆ ಮೊದಲು ಅಮೆರಿಕನ್ನರು ಬಂದರು, ನಂತರ ಆ ಪ್ರದೇಶ ಸೋವಿಯೆತ್ ಪಾಲಾಯಿತು. ಕಾರ್ಖಾನೆಯ ಕಥೆ ಅಲ್ಲಿಗೆ ಮುಗಿಯಿತು. ಫ್ರಿಟ್ಸ್ ವಾಲ್ಟರ್ ಪಶ್ಚಿಮಕ್ಕೆ ಓಡಿ, ಡಾನ್ಯೂಬ್ ದಂಡೆಯ ಉಲ್ಮ್‌ನಲ್ಲಿ ಮತ್ತೆ ಕಂಪನಿ ಕಟ್ಟಿದ. ಪಶ್ಚಿಮ ಜರ್ಮನಿಗೆ ಹೊಸ ಸೈನ್ಯ ಬಂದಾಗ, 1957ರಲ್ಲಿ, ಪಿ38 ಮತ್ತೆ ತಯಾರಾಗತೊಡಗಿತು. ಉಕ್ಕಿನ ಚೌಕಟ್ಟಿನ ಬದಲು ಅಲ್ಯೂಮಿನಿಯಂ ಮಿಶ್ರಲೋಹ, ಕೈಗೆ ಹಗುರ. 1963ರಲ್ಲಿ ಹೆಸರು ಬದಲಾಗಿ ಪಿ1 ಆಯಿತು. ಹೆಸರಿನಿಂದ ‘38’ ಹೋದದ್ದು ಬರೀ ಕಚೇರಿಯ ಕ್ರಮವೇ, ಇಸವಿಯೊಂದನ್ನು ಮರೆಯುವ ಆಸೆಯೂ ಅದರಲ್ಲಿತ್ತೇ ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪಿಲ್ಲ. ಹಗುರ ಲೋಹಕ್ಕೆ ತನ್ನದೇ ತೊಂದರೆ ಇತ್ತು. ಸವೆತ, ಬಿರುಕು ಕಂಡಂತೆ ಸ್ಲೈಡನ್ನು ದಪ್ಪ ಮಾಡಿದರು. 1970ರ ದಶಕದಲ್ಲಿ ಚೌಕಟ್ಟಿನ ಅಡ್ಡಕ್ಕೆ ಆರು ಮೂಲೆಯ ಉಕ್ಕಿನ ಬೋಲ್ಟೊಂದನ್ನು ಕೂರಿಸಿದರು. ಪೊಲೀಸರಿಗೆಂದು ನಳಿಗೆ ಗಿಡ್ಡಗಾದ ಪಿ4 ಬಂತು, ಆಮೇಲೆ ಪಿ5. ಸೈನ್ಯದಲ್ಲಿ ಪಿ1 ಉಳಿದದ್ದು 1990ರ ದಶಕದಲ್ಲಿ ಹೆಕ್ಲರ್ ಉಂಡ್ ಕಾಖ್ ಕಂಪನಿಯ ಪಿ8 ಬರುವವರೆಗೆ. ಪಕ್ಕದ ಆಸ್ಟ್ರಿಯಾ ತನ್ನ ಪಿ38ಗಳನ್ನು 1980ರ ದಶಕದಲ್ಲೇ ಕೈಬಿಟ್ಟಿತ್ತು. ಅವುಗಳ ಜಾಗಕ್ಕೆ ಬಂದದ್ದು ಗ್ಲಾಕ್ ಎಂಬ, ಆಗ ಯಾರೂ ಕೇಳಿರದ ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲು.

ನಡುವೆ ಈ ಪಿಸ್ತೂಲಿಗೆ ಕಾರ್ಖಾನೆಯ ಹೊರಗೊಂದು ಆಯುಷ್ಯವೂ ಸಿಕ್ಕಿತು. ಜಪಾನಿನ ಲೂಪಿನ್ ಎಂಬ ಕಾರ್ಟೂನು ಕಳ್ಳನ ಕೈಯಲ್ಲಿ ಸದಾ ಇರುವುದು ವಾಲ್ಟರ್ ಪಿ38. ಇಟಲಿಯಲ್ಲಿ 1977ರ ಬಿಸಿ ದಿನಗಳಲ್ಲಿ ತೀವ್ರ ಎಡಪಂಥದ ಹುಡುಗರು ಮೆರವಣಿಗೆಯಲ್ಲಿ ಬೆರಳುಗಳನ್ನು ಪಿಸ್ತೂಲಿನಂತೆ ಎತ್ತಿ ಹಿಡಿಯುತ್ತಿದ್ದರು. ಆ ಸನ್ನೆಗೆ ಅವರಿಟ್ಟ ಹೆಸರು ಪಿ38. ತಾವು ಫ್ಯಾಸಿಸ್ಟರ ವಿರುದ್ಧ ಎಂದು ಕೂಗುತ್ತಿದ್ದ ಬಾಯಿಗಳಿಗೆ ಅದು ನಾಜಿ ಸೈನ್ಯದ ಪಿಸ್ತೂಲು ಎಂಬುದು ತೊಡಕಾಗಲೇ ಇಲ್ಲ. ವಸ್ತುವಿನ ಹಿಂದಿನ ಕಥೆ ಒರೆಸಿಹೋದರೆ ಅದನ್ನು ಯಾರೂ ಏನು ಬೇಕಾದರೂ ಮಾಡಿಕೊಳ್ಳಬಹುದು.

ಭಾರತದ ಓದುಗನಿಗೆ ಇದೆಲ್ಲ ದೂರದ ಮಾತು ಅನ್ನಿಸಬಹುದು. ಅಷ್ಟೇನೂ ದೂರವಲ್ಲ. ಪಿ38ರ ಸ್ಲೈಡು, ಚೌಕಟ್ಟುಗಳಲ್ಲಿ ಒಂದಷ್ಟನ್ನು ಮಾಡಿಸಿದ್ದು ಆಕ್ರಮಿತ ಬೆಲ್ಜಿಯಂನ ಹೆರ್ಸ್ಟಾಲ್‌ನಲ್ಲಿ, ಎಫ್‌ಎನ್ ಕಾರ್ಖಾನೆಯಲ್ಲಿ. ಅದರ ಗುಪ್ತಾಕ್ಷರ ‘ಸಿಎಚ್’. ಅದೇ ಕಾರ್ಖಾನೆಯ ಸ್ವಂತ ಪಿಸ್ತೂಲು ಬ್ರೌನಿಂಗ್ ಹೈ-ಪವರ್. ಅದನ್ನೂ ಜರ್ಮನ್ನರು ಅಲ್ಲೇ ತಮಗಾಗಿ ಮಾಡಿಸಿಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ಟೊರಾಂಟೋದಲ್ಲಿ ಜಾನ್ ಇಂಗ್ಲಿಸ್ ಕಂಪನಿ ಅದೇ ಪಿಸ್ತೂಲನ್ನು ಕೆನಡಾ ಮತ್ತು ಚೀನಾದ ಸೈನ್ಯಗಳಿಗೆ ಮಾಡುತ್ತಿತ್ತು. ಒಂದೇ ಯುದ್ಧದ ಎರಡೂ ಕಡೆ ಒಂದೇ ಪಿಸ್ತೂಲು. ಆ ಇಂಗ್ಲಿಸ್ ಮಾದರಿಯ ವಂಶದಲ್ಲಿ ಹುಟ್ಟಿದ್ದೇ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯ 9 ಮಿಲಿಮೀಟರ್ ‘1ಎ’, ಭಾರತದ ಸೈನ್ಯ ದಶಕಗಳಿಂದ ಬಳಸುತ್ತಿರುವ ಪಿಸ್ತೂಲು.

ಇನ್ನೊಂದು ಯುರೋಪಿಯನ್ ಸೈನಿಕ ಪಿಸ್ತೂಲಿನ ಸಂಖ್ಯೆಯಂತೂ ಈ ದೇಶದ ನ್ಯಾಯಾಲಯದ ಕಡತದಲ್ಲೇ ಇದೆ. ಇಟಲಿಯ ಸೈನ್ಯಕ್ಕೆಂದು ತಯಾರಾದ ಬೆರೆಟ್ಟಾ ಎಂ1934, ಸಂಖ್ಯೆ 606824. 1948ರ ಜನವರಿ 30ರ ಸಂಜೆ ಬಿರ್ಲಾ ಭವನದ ಅಂಗಳದಲ್ಲಿ ಗಾಂಧಿಯ ಎದೆಗೆ ಹಾರಿಸಿದ್ದು ಅದರಿಂದ. ಅಲ್ಲಿ ಯಾರೂ ಸಂಖ್ಯೆಯನ್ನು ಸಂಖ್ಯೆಯಾಗಿ ನೋಡಲಿಲ್ಲ. ಯಾರ ಕೈಯಿಂದ ಯಾರ ಕೈಗೆ ಬಂತು, ಗ್ವಾಲಿಯರ್‌ನಲ್ಲಿ ಅದನ್ನು ಒದಗಿಸಿದವರು ಯಾರು ಎಂದು ಜಾಡು ಹಿಡಿದು ಹೋದರು. ಪಿಸ್ತೂಲಿನ ಸಂಖ್ಯೆಯನ್ನು ಓದುವ ಸರಿಯಾದ ಬಗೆ ಅದೇ. ಒಂದು ವ್ಯತ್ಯಾಸವೆಂದರೆ ಪೊಲೀಸರು ಕಾರ್ಖಾನೆಯಿಂದ ಈಚೆಗೆ, ಕೊಂದವನ ಕಡೆಗೆ ಓದಿದರು; ಪಿ38ರ ವಿಷಯದಲ್ಲಿ ಕಾರ್ಖಾನೆಯಿಂದ ಆಚೆಗೆ, ಮಾಡಿದವರ ಕಡೆಗೂ ಓದಬೇಕಾಗಿದೆ.

ಇದನ್ನು ಮಾಡಬಲ್ಲವರು ಯಾರು? ಮ್ಯೂಸಿಯಮ್ಮುಗಳು ಮೊದಲು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ ಪಿ38ರ ಪಕ್ಕದ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಹೆಸರು, ಗುಂಡಿನ ಅಳತೆ, ಮ್ಯಾಗಜಿನ್ನಿಗೆ ಎಂಟು ಗುಂಡು, ದೇಶ, ಇಸವಿ. ಸ್ಲೈಡಿನ ಮೇಲಿನ ಅಕ್ಷರ ಎಲ್ಲರಿಗೂ ಕಾಣುತ್ತಿರುತ್ತದೆ, ಚೀಟಿ ಮಾತ್ರ ಅದರ ಬಗ್ಗೆ ಮೌನ. ‘ಬಿವೈಎಫ್ 44: ಓಬರ್ನ್‌ಡಾರ್ಫಿನ ಮೌಸರ್ ಕಾರ್ಖಾನೆ, ವಿದೇಶಗಳಿಂದ ಎಳೆತಂದ ಸಾವಿರಾರು ಜನ ದುಡಿಯುತ್ತಿದ್ದ ವರ್ಷ’ ಎಂದು ಒಂದು ಸಾಲು ಸೇರಿಸಲು ಹೆಚ್ಚು ಜಾಗ ಬೇಡ. ಎರಡನೆಯವರು ಸಂಗ್ರಾಹಕರೇ. ಅವರಷ್ಟು ಸೂಕ್ಷ್ಮವಾಗಿ ಈ ಲೋಹವನ್ನು ನೋಡಿದವರು ಬೇರಿಲ್ಲ. ಇತಿಹಾಸದ ಪ್ರಾಧ್ಯಾಪಕರಿಗೆ ಮುದ್ರೆ ಗೊತ್ತಿಲ್ಲ, ಸಂಗ್ರಾಹಕರಿಗೆ ಶಿಬಿರ ಬೇಡ. ಎರಡೂ ಪಟ್ಟಿಗಳನ್ನು ಒಂದೇ ಮೇಜಿನ ಮೇಲೆ ಹರಡಿದರೆ ಯಾವ ತಿಂಗಳು ಯಾವ ಗುಂಪಿನ ಕೈದಿಗಳು ಬಂದರು, ಯಾವ ತಿಂಗಳಿನಿಂದ ಗೀರು ಹೆಚ್ಚಿತು ಎಂದು ಹೋಲಿಸಿ ನೋಡಲು ದಾರಿಯಾದೀತು. ಅಂಥ ಕೆಲಸಕ್ಕೆ ಕೈಹಾಕಿದರೆ ಹವ್ಯಾಸದ ಖುಷಿ ಕೆಡುತ್ತದೆ ಎಂಬ ಅಳುಕು ಸುಳ್ಳಲ್ಲ. ತುಸು ಕೆಟ್ಟರೆ ಕೆಡಲಿ.

ಸಂಗ್ರಾಹಕರ ಪಟ್ಟಿಯಲ್ಲಿ ‘ಸಿವಿಕ್ಯೂ’ ಎಂಬ ಒಂದು ಮಾದರಿಯೂ ಇದೆ. ಅಂಥ ಕಾರ್ಖಾನೆ ಎಲ್ಲೂ ಇರಲಿಲ್ಲ. ಗ್ರೊಟ್ಟಾವ್‌ನಲ್ಲಿ ಒತ್ತುತ್ತಿದ್ದ ಅಚ್ಚಿನಲ್ಲಿ ನಡುವಿನ ‘ವೈ’ ಅಕ್ಷರದ ಬಾಲ ಮುರಿದುಹೋಯಿತು. ಆಮೇಲೆ ಅದು ‘ವಿ’ಯಂತೆ ಮೂಡತೊಡಗಿತು. ಯಾರೂ ಅಚ್ಚು ಬದಲಾಯಿಸಲಿಲ್ಲ. ಮುರಿದ ಅಚ್ಚಿನಿಂದಲೇ ಒತ್ತುತ್ತಾ ಹೋದರು, ಒಂದರ ಮೇಲೊಂದು ಸ್ಲೈಡು, ಸಾವಿರಗಟ್ಟಲೆ.